ವ್ಯಾಖ್ಯಾನ ತೆರೆಯುವ ಮೊದಲು

ಇಸ್ರೇಲಿನಲ್ಲಿ ವೃದ್ಧರ ಆರೈಕೆಯ ಕೆಲಸಕ್ಕೆ ಬಂದಿರುವ ಕರಾವಳಿಯವರು ಬಹಳ ಮಂದಿ. ನಾನೂ ಅವರಲ್ಲೊಬ್ಬ. ನಾನು ನೋಡಿಕೊಳ್ಳುವ ಅಜ್ಜ ಆಚಾರವಂತ ಯೆಹೂದಿ. ಅವರ ಪಕ್ಕದಲ್ಲಿ ಕುಳಿತೇ ವಾರದ ಪರಾಶಾ ಓದುವುದನ್ನು ರೂಢಿಸಿಕೊಂಡೆ. ಮೋಶೆಯ ಐದು ಗ್ರಂಥಗಳಾದ ತೋರಾವನ್ನು 54 ಭಾಗ ಮಾಡಿ, ವಾರ ವಾರ ಓದಿ ವರ್ಷದಲ್ಲಿ ಮುಗಿಸುತ್ತಾರೆ. ಒಂದು ಭಾಗವೇ ಒಂದು ಪರಾಶಾ. ಅಧಿಕ ಮಾಸವಿಲ್ಲದ ವರ್ಷಗಳಲ್ಲಿ ವಾರಗಳು ಸಾಲದೆ ಕೆಲವನ್ನು ಜೋಡಿಯಾಗಿ ಓದುವುದುಂಟು.

ಮೂಲವನ್ನು ಎರಡು ಬಾರಿ, ಅರಾಮಿಕ್ ಅನುವಾದವನ್ನು ಒಂದು ಬಾರಿ ಓದಬೇಕೆಂದು ಯೆಹೂದಿ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುದ್ ಹೇಳುತ್ತದೆ. ಅಜ್ಜ ಅದನ್ನು ಬಿಡದೆ ಪಾಲಿಸುತ್ತಾರೆ. ನನ್ನ ಹೀಬ್ರೂ ಅಷ್ಟು ದೂರ ಹೋಗುವುದಿಲ್ಲ. ಭಾನುವಾರ ಕನ್ನಡ ಸತ್ಯವೇದದಲ್ಲಿ ಇಡೀ ಭಾಗವನ್ನು ಕಥೆಯಂತೆ ಒಂದೇ ಉಸಿರಿಗೆ ಓದಿಬಿಡುತ್ತೇನೆ. ಪ್ರತಿ ಪರಾಶಾದಲ್ಲೂ ಏಳು ಉಪಭಾಗಗಳಿರುವುದರಿಂದ ಆಮೇಲೆ ದಿನಕ್ಕೊಂದರಂತೆ ನಿಧಾನವಾಗಿ ಹೀಬ್ರೂ ಜೊತೆಗಿಟ್ಟು ನೋಡುತ್ತೇನೆ. ಹನ್ನೊಂದನೆಯ ಶತಮಾನದ ಫ್ರಾನ್ಸಿನ ಯೆಹೂದಿ ಪಂಡಿತ ರಾಶಿ ಬರೆದ ವ್ಯಾಖ್ಯಾನ ಅದೇ ಪುಟದ ಕೆಳಗೆ ಅಚ್ಚಾಗಿರುತ್ತದೆ. ನನಗೇ ಒಂದು ಪ್ರಶ್ನೆ ಹುಟ್ಟುವ ತನಕ ಅದರತ್ತ ಕಣ್ಣು ಹಾಯಿಸುವುದಿಲ್ಲ. ಈ ಕಟ್ಟುನಿಟ್ಟು ಅಜ್ಜನದು. 1942ರಿಂದ ವಾರ ವಾರ ಪ್ರಶ್ನೆಗಳ ಹಾಳೆ ಹೊರಡಿಸುತ್ತಿದ್ದ ಬೈಬಲ್ ಶಿಕ್ಷಕಿ ನೆಹಮಾ ಲೈಬೊವಿಟ್ಜ್ ಕೇಳುತ್ತಿದ್ದುದೂ ಇದನ್ನೇ: ಇಲ್ಲಿ ರಾಶಿಗೆ ತೊಡಕಾದದ್ದು ಏನು? ತೊಡಕು ಕಾಣದವನಿಗೆ ರಾಶಿಯ ಉತ್ತರ ಬರೀ ಪುರಾಣದಂತೆ ಕೇಳಿಸುತ್ತದೆ.

'ಹಯ್ಯೇ ಸಾರಾ' ಪರಾಶಾವನ್ನೇ ತೆಗೆದುಕೊಳ್ಳಿ. ಅಬ್ರಹಾಮನ ಹೆಂಡತಿ ಸಾರಳ ಸಾವು, ಹೆಬ್ರೋನಿನಲ್ಲಿ 400 ಶೆಕೆಲ್ ಬೆಳ್ಳಿಗೆ ಸಮಾಧಿಯ ಗವಿಯ ಖರೀದಿ, ಆಮೇಲೆ ಆದಿಕಾಂಡದ 24ನೆಯ ಅಧ್ಯಾಯ. ಅಬ್ರಹಾಮನ ಸೇವಕ ಹತ್ತು ಒಂಟೆ ಹೊಡೆದುಕೊಂಡು ಅಬ್ರಹಾಮನ ಮಗ ಇಸಾಕನಿಗೆ ಹೆಣ್ಣು ನೋಡಲು ಹೋಗುತ್ತಾನೆ. ಬಾವಿಯ ಬಳಿ ಹೆಣ್ಣು ಸಿಕ್ಕಾಗ ನಡೆದದ್ದನ್ನು ನಾವು ಆಗಲೇ ಓದಿರುತ್ತೇವೆ. ಹೆಣ್ಣಿನ ಮನೆಯಲ್ಲಿ ಕುಳಿತು ಅವನು ಅದನ್ನೆಲ್ಲ ಮತ್ತೆ ಮೊದಲಿನಿಂದ ಹೇಳುತ್ತಾನೆ. ಮೊದಮೊದಲು ಈ ಪುನರುಕ್ತಿಯನ್ನು ಹಾರಿಸಿಕೊಂಡು ಓದುತ್ತಿದ್ದೆ. ಈಗ ನೋಟ್‌ಬುಕ್ಕಿನ ಪುಟಕ್ಕೆ ನಡುವೆ ಗೆರೆ ಎಳೆದು, ಎಡಕ್ಕೆ ನಡೆದದ್ದು, ಬಲಕ್ಕೆ ಅವನು ಹೇಳಿದ್ದು ಎಂದು ಬರೆಯುತ್ತೇನೆ.

ಎಡಗಡೆ: ಹೆಣ್ಣಿಗೆ ಕೊಡಲು ಮೂಗುತಿ, ಬಳೆ ಹೊರತೆಗೆದ ಮೇಲೆ "ನೀನು ಯಾರ ಮಗಳು?" ಎಂದು ಕೇಳಿದ. ಬಲಗಡೆ: ಯಾರ ಮಗಳೆಂದು ಕೇಳಿ ತಿಳಿದ ಮೇಲೆ ತೊಡಿಸಿದೆ. ಅನುಕ್ರಮ ತಲೆಕೆಳಗಾಗಿದೆ! ಇಷ್ಟು ಕಂಡ ಮೇಲೆ ರಾಶಿ ತೆರೆದೆ. ಕುಲಗೋತ್ರ ತಿಳಿಯದೆ ಒಡವೆ ಕೊಟ್ಟೆಯಾ ಎಂದು ಹೆಣ್ಣಿನ ಮನೆಯವರು ಹಿಡಿದು ಹಾಕಬಾರದೆಂದು ಸೇವಕ ಮಾತನ್ನು ತಿರುಗಿಸಿದ ಎನ್ನುತ್ತಾರೆ. ಸಂಬಂಧ ಕುದುರಿಸುವವರ ಜಾಣ್ಮೆ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಬ್ರಹಾಮ "ನನ್ನ ದೇಶಕ್ಕೆ ಹೋಗು" ಎಂದಿದ್ದನ್ನು ಅವನು "ನನ್ನ ತಂದೆಯ ಮನೆಗೆ ಹೋಗು ಎಂದರು" ಎಂದು ಹೇಳಿರುವುದೂ ಅಷ್ಟೇ ಬೆಣ್ಣೆ ಹಚ್ಚಿದ ಮಾತು.

ಇದನ್ನೆಲ್ಲ ಶುಕ್ರವಾರ ಸೂರ್ಯ ಮುಳುಗುವುದರೊಳಗೆ ಬರೆದಿಡಬೇಕು. ಶಬ್ಬತ್ ಎಂಬ ವಿಶ್ರಾಂತಿಯ ದಿನ ಆರಂಭವಾದ ಮೇಲೆ ಅಜ್ಜ ಬರೆಯುವಂತಿಲ್ಲ. ಅವರೆದುರು ನಾನೂ ಪೆನ್ನು ಮುಟ್ಟುವುದಿಲ್ಲ. ಮರುದಿನ ಯೆಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗಿನಲ್ಲಿ ಕಿವಿಗೆ ಕೆಲಸ. ತೋರಾದ ಸುರುಳಿಯಲ್ಲಿ ಸ್ವರಚಿಹ್ನೆಗಳೇ ಇರುವುದಿಲ್ಲ, ರಾಗವನ್ನು ಓದುವವರು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಬಾವಿಯ ಬಳಿ ಸೇವಕ ಪ್ರಾರ್ಥಿಸಲು ಬಾಯಿ ತೆರೆಯುವಲ್ಲಿ 'ಶಲ್ಶೆಲೆತ್' ಎಂಬ ದೀರ್ಘವಾದ ಏರಿಳಿತ ಬರುತ್ತದೆ. ಇಡೀ ತೋರಾದಲ್ಲಿ ಅದು ಬರುವುದು ನಾಲ್ಕೇ ಕಡೆ. ಹಿಂಜರಿಕೆಯ ರಾಗ ಅದು ಎನ್ನುವವರಿದ್ದಾರೆ: ಸೇವಕನಿಗೂ ಒಬ್ಬ ಮಗಳಿದ್ದಳು, ಇಸಾಕನಿಗೆ ಅವಳನ್ನು ಕೊಡುವ ಆಸೆ ಅವನಿಗಿತ್ತು ಎಂದು ಹಳೆಯ ಯೆಹೂದಿ ವ್ಯಾಖ್ಯಾನ-ಕಥೆಗಳಾದ ಮಿದ್ರಾಶ್ ಹೇಳುತ್ತದೆ.

ಎಲ್ಲವೂ ಗಂಟಲಲ್ಲಿ ಇಳಿಯುವುದಿಲ್ಲ. ಮದುವೆಗೆ ಒಪ್ಪಿದ ಹೆಣ್ಣಿನ ತಂದೆ ಬೆತೂವೇಲ ಮರುದಿನ ಬೆಳಗ್ಗೆ ಕಥೆಯಲ್ಲೇ ಇಲ್ಲ. ಅಣ್ಣ, ತಾಯಿ ಮಾತ್ರ ಮಾತಾಡುತ್ತಾರೆ. ಅಡ್ಡಿ ಮಾಡಲು ಹೊರಟವನನ್ನು ದೇವದೂತ ಕೊಂದ ಎಂದು ರಾಶಿ. ಅಜ್ಜನಿಗೆ ಅದು ಸಾಕು. ನನಗೆ ಸಾಕಾಗಿಲ್ಲ, ಬಲಗಡೆಯ ಅಂಕಣದಲ್ಲಿ ಅಷ್ಟು ಜಾಗ ಖಾಲಿ ಬಿಟ್ಟಿದ್ದೇನೆ.