ಗೇರ್‌ಬಾಕ್ಸಿಗೆ ಸರಿಯಾದ ಆಯಿಲ್ ಹುಡುಕಿದ ನನ್ನ ಅನುಭವ

ಗಾಡಿ 60 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಆಕ್ಸಿಲರೇಟರ್ ಮೇಲೆ ಕಾಲು ಸ್ವಲ್ಪ ಇಟ್ಟರೆ ಸಾಕು, ಕೆಳಗಿನಿಂದ ಗಡಗಡ ಅಂತ ನಡುಕ ಬರುತ್ತಿತ್ತು. ಸಾಲಾಗಿ ಜೋಡಿಸಿದ ಸಣ್ಣ ಉಬ್ಬುಗಳ ಮೇಲೆ ಚಕ್ರ ಉರುಳಿದ ಹಾಗೆ. ಎರಡು ಮೂರು ಸೆಕೆಂಡ್, ಆಮೇಲೆ ಮಾಯ. ಜೋರಾಗಿ ಒತ್ತಿದರೆ ಬರುತ್ತಲೇ ಇರಲಿಲ್ಲ. ಇಂಜಿನ್ನಿನ ತೊಂದರೆ ಇರಬೇಕು ಅಂತ ಮೊದಲು ಸ್ಪಾರ್ಕ್ ಪ್ಲಗ್ ಬದಲಾಯಿಸಿದೆ. ಏನೂ ಪ್ರಯೋಜನ ಆಗಲಿಲ್ಲ.

ನನ್ನದು ಸೆಕೆಂಡ್ ಹ್ಯಾಂಡ್ ಗಾಡಿ, 6 ಗೇರಿನ ಟೊಯೋಟಾ ಆಟೋಮ್ಯಾಟಿಕ್. ಒಂದು ಸಂಜೆ ಹಳೆಯ ಮಾಲೀಕರು ಕೊಟ್ಟಿದ್ದ ಬಿಲ್ಲುಗಳನ್ನೆಲ್ಲ ಹರಡಿಕೊಂಡು ಕೂತೆ. ಒಂದರಲ್ಲಿ ಹೀಗಿತ್ತು: ‘ಎಟಿಎಫ್ ಡೆಕ್ಸ್ರಾನ್-3, 3 ಲೀಟರ್’. ಎಟಿಎಫ್ ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್, ಡೆಕ್ಸ್ರಾನ್-3 ಅದರಲ್ಲಿ ಒಂದು ಬಗೆ. ಮ್ಯಾನುಯಲ್ ತೆಗೆದು ನೋಡಿದರೆ ಈ ಗೇರ್‌ಬಾಕ್ಸಿಗೆ ಬೇಕಾದ್ದು ಡಬ್ಲ್ಯುಎಸ್ ಎಂಬ ಬೇರೆಯದೇ ಆಯಿಲ್. ಯಾರೋ ಕೈಗೆ ಸಿಕ್ಕ ಕೆಂಪು ಆಯಿಲ್ ಹಾಕಿ ಕಳಿಸಿದ್ದರು.

ಎರಡೂ ಎಟಿಎಫ್ ತಾನೇ, ಅದರಲ್ಲೇನು ಅಂತ ನನಗೂ ಅನಿಸಿತ್ತು. ಆದರೆ ಈ ಆಯಿಲ್ಲಿನ ಕೆಲಸ ಬರೀ ಜಾರಿಸುವುದಲ್ಲ. ಇಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಕೂತಿರುವ ಟಾರ್ಕ್ ಕನ್ವರ್ಟರ್ ಒಳಗೆ ಇಂಜಿನ್ನಿನ ಶಕ್ತಿಯನ್ನು ಗೇರಿಗೆ ದಾಟಿಸುವುದು ಅದೇ. ಒತ್ತಡದಲ್ಲಿ ಹರಿದು ಕ್ಲಚ್ಚುಗಳನ್ನು ಹಿಡಿಸುವುದು, ಬಿಡಿಸುವುದೂ ಅದೇ. ಬಿಸಿಯನ್ನೂ ಅದೇ ಹೊತ್ತೊಯ್ಯಬೇಕು. ಎಲ್ಲಕ್ಕಿಂತ ನಾಜೂಕಿನ ಕೆಲಸ ಒಂದಿದೆ: ಕ್ಲಚ್ ಪ್ಲೇಟುಗಳು ಒಂದನ್ನೊಂದು ಹಿಡಿಯುವಾಗ ಜಾರಿ ಹೋಗಲೂಬಾರದು, ಜರ್ಕ್ ಹೊಡೆಯಲೂಬಾರದು. ಅದಕ್ಕಾಗಿ ಆಯಿಲ್ಲಿಗೆ ಘರ್ಷಣೆಯನ್ನು ಹದಗೊಳಿಸುವ ರಾಸಾಯನಿಕಗಳನ್ನು ಸೇರಿಸಿರುತ್ತಾರೆ. ಆ ಹದ ಒಂದೊಂದು ಗೇರ್‌ಬಾಕ್ಸಿಗೆ ಒಂದೊಂದು ತರ. ನನ್ನ ಗಾಡಿ ನಡುಗುತ್ತಿದ್ದದ್ದು ಕನ್ವರ್ಟರ್ ಒಳಗಿನ ಲಾಕಪ್ ಕ್ಲಚ್, ಅಂದರೆ ಇಂಜಿನ್ನನ್ನು ಗೇರ್‌ಬಾಕ್ಸಿಗೆ ನೇರವಾಗಿ ಜೋಡಿಸುವ ಕ್ಲಚ್, ಹಿಡಿಯುವ ಹೊತ್ತಿಗೇ. ಹದ ತಪ್ಪಿದ್ದರಿಂದ ಅದು ಹಿಡಿದು, ಬಿಟ್ಟು, ಮತ್ತೆ ಹಿಡಿದು ಮಾಡುತ್ತಿತ್ತು.

ಗಟ್ಟಿತನವೂ ಬೇರೆ. 100 ಡಿಗ್ರಿ ಬಿಸಿಯಲ್ಲಿ ಡೆಕ್ಸ್ರಾನ್-3 ಸುಮಾರು 7 ಸೆಂಟಿಸ್ಟೋಕ್ಸ್ (ಆಯಿಲ್ಲಿನ ಗಟ್ಟಿತನದ ಅಳತೆ) ಇರುತ್ತದೆ. ಡಬ್ಲ್ಯುಎಸ್ ಐದೂವರೆಯ ಆಸುಪಾಸು. ತೆಳು ಆಯಿಲ್ಲಿಗೆ ಅಂತಲೇ ಮಾಡಿದ ಸಣ್ಣ ದಾರಿಗಳಲ್ಲಿ ದಪ್ಪ ಆಯಿಲ್ ಹರಿದರೆ ಲೆಕ್ಕ ತಪ್ಪುತ್ತದೆ ಅಲ್ವಾ.

ಹಾಗಾಗಿ ನಾನು ಬಣ್ಣ, ಬ್ರ್ಯಾಂಡ್ ಎರಡನ್ನೂ ಬದಿಗಿಟ್ಟು ಕೋಡ್ ಒಂದನ್ನೇ ಹಿಡಿದು ಹೊರಟೆ. ಮೊದಲು ಮ್ಯಾನುಯಲ್ಲಿನ ಕೊನೆಯ ಪುಟಗಳು. ಆಮೇಲೆ ಕೆಳಗೆ ನುಗ್ಗಿ ಗೇರ್‌ಬಾಕ್ಸನ್ನೇ ನೋಡಿದೆ. ಮಣ್ಣು ಒರೆಸಿದ ಮೇಲೆ ಆಯಿಲ್ ಹಾಕುವ ಬೋಲ್ಟಿನ ತಲೆಯ ಮೇಲೆ ‘ಡಬ್ಲ್ಯುಎಸ್’ ಅಂತ ಅಚ್ಚೊತ್ತಿದ್ದು ಕಂಡಿತು. ಅದನ್ನು ಒಮ್ಮೆ ಯಾರಾದರೂ ನೋಡಿದ್ದರೆ ಸಾಕಿತ್ತು! ಡಿಪ್‌ಸ್ಟಿಕ್ ಇರುವ ಗಾಡಿಗಳಲ್ಲಿ ಎಷ್ಟೋ ಸಲ ಅದರ ಮೇಲೇ ಹೆಸರು ಬರೆದಿರುತ್ತದೆ. ಗೇರ್‌ಬಾಕ್ಸ್ ಯಾವ ಜಾತಿಯದು ಅಂತಲೂ ಖಚಿತ ಮಾಡಿಕೊಳ್ಳಿ. ಕ್ಲಚ್ ಪೆಡಲ್ ಇಲ್ಲದ್ದೆಲ್ಲ ಒಂದೇ ಅಲ್ಲ. ಸಿವಿಟಿ ಅಂದರೆ ಗೇರುಗಳ ಬದಲು ಬೆಲ್ಟಿನಿಂದ ಓಡುವ ಗೇರ್‌ಬಾಕ್ಸ್. ಅದರ ಬೆಲ್ಟು ಲೋಹದ ಪುಲ್ಲಿಯನ್ನು ಕಚ್ಚಿ ಹಿಡಿಯಬೇಕು, ಅದಕ್ಕೆ ಸಿವಿಟಿ ಆಯಿಲ್ಲೇ ಬೇಕು. ಮಾಮೂಲಿ ಎಟಿಎಫ್ ಹಾಕಿದರೆ ಬೆಲ್ಟು ಜಾರಿ ಗೇರ್‌ಬಾಕ್ಸೇ ಹಾಳಾಗಬಹುದು. ಡಬಲ್ ಕ್ಲಚ್ಚಿನದಕ್ಕೆ ಮತ್ತೊಂದು ತರದ್ದು.

ಹೊಸ ನಂಬರಿನ ಆಯಿಲ್ ಹಳೆಯದಕ್ಕೂ ಆಗುತ್ತದೆ ಎಂಬ ಮಾತಿನಲ್ಲಿ ಅರ್ಧ ಮಾತ್ರ ನಿಜ. ಜಿಎಂ ಕಂಪನಿಯ ಡೆಕ್ಸ್ರಾನ್-6 ಬಂದಿದ್ದು 2005ರಲ್ಲಿ, ಅದನ್ನು ಡೆಕ್ಸ್ರಾನ್-3 ಬೇಡುವ ಅವರ ಗೇರ್‌ಬಾಕ್ಸುಗಳಿಗೂ ಹಾಕಬಹುದು. ತಿರುಗಾಮುರುಗಾ ಮಾಡುವ ಹಾಗಿಲ್ಲ. ಹೋಂಡಾದ ಡಿಡಬ್ಲ್ಯು-1 ಕೂಡ ಹಳೆಯ ಝಡ್-1ರ ಜಾಗಕ್ಕೆ ಬಂದದ್ದು. ಆದರೆ ಟೊಯೋಟಾದ ಟಿ-4 ಕೇಳುವಲ್ಲಿ ಡಬ್ಲ್ಯುಎಸ್ ಹಾಕುವಂತಿಲ್ಲ. ಹ್ಯುಂಡೈ ಎಸ್‌ಪಿ-3, ಎಸ್‌ಪಿ-4 ಕತೆಯೂ ಇದೇ. ಊಹೆ ಮಾಡದೆ ತಯಾರಕರು ಏನು ಹೇಳಿದ್ದಾರೆ ಅಂತಲೇ ನೋಡಬೇಕು.

ಇನ್ನು ‘ಎಲ್ಲ ಗಾಡಿಗೂ’ ಅಂತ ಬರೆದ ಕ್ಯಾನುಗಳು. ಅವೆಲ್ಲ ಕೆಟ್ಟವು ಅಂತ ನಾನು ಹೇಳುವುದಿಲ್ಲ. ಕ್ಯಾನಿನ ಹಿಂಭಾಗದ ಸಣ್ಣ ಅಕ್ಷರ ಮಾತ್ರ ಓದಿ. ‘ಇದಕ್ಕೆ ಬಳಸಬಹುದು’ ಅನ್ನುವುದು ಆಯಿಲ್ ಮಾಡಿದವರ ಮಾತು. ‘ಅನುಮೋದನೆ ಪಡೆದಿದೆ’ ಅಂತ ಲೈಸೆನ್ಸ್ ನಂಬರ್ ಸಮೇತ ಇದ್ದರೆ ಅದು ಗಾಡಿ ಮಾಡಿದವರು ಒಪ್ಪಿದ ಮಾತು. ಒಮ್ಮೆ ತಪ್ಪು ಆಯಿಲ್ ಕುಡಿದ ಗೇರ್‌ಬಾಕ್ಸಿನ ಮೇಲೆ ಪ್ರಯೋಗ ಬೇಡ ಅಂತ ನಾನು ಕಂಪನಿಯ ಡಬ್ಲ್ಯುಎಸ್ ಕ್ಯಾನನ್ನೇ ತಂದೆ.

ಗಾಡಿಯನ್ನು ಸಮತಟ್ಟಾಗಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಮೊದಲು ಆಯಿಲ್ ಹಾಕುವ ಬೋಲ್ಟ್ ಬಿಚ್ಚಿದೆ. ಇದನ್ನು ಮರೆಯಬೇಡಿ. ಕೆಳಗಿನದನ್ನು ಬಿಚ್ಚಿ ಆಯಿಲ್ ಪೂರ್ತಿ ಸುರಿದ ಮೇಲೆ ಮೇಲಿನದು ಬಿಚ್ಚಲು ಬರಲಿಲ್ಲ ಅಂದರೆ ಗಾಡಿ ಅಲ್ಲೇ ನಿಂತಂತೆ. ಇಳಿದ ಆಯಿಲ್ಲನ್ನು ಅಳತೆ ಡಬ್ಬಕ್ಕೆ ಹಿಡಿದೆ: ಹತ್ತಿರ ಹತ್ತಿರ 3 ಲೀಟರ್. ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟೆ. ನಡುವೆ ಕಂದು, ಅಂಚಿನಲ್ಲಿ ಮಾತ್ರ ಮಾಸಲು ಕೆಂಪು. ಸುಟ್ಟ ವಾಸನೆ ಇರಲಿಲ್ಲ, ಜೀವ ಬಂದಂತಾಯಿತು.

ಒಳಗೆ ಒಟ್ಟು ಹಿಡಿಯುವುದು ಸುಮಾರು 7 ಲೀಟರ್. ಮಿಕ್ಕ 4 ಲೀಟರ್ ಕನ್ವರ್ಟರ್, ಕೂಲರುಗಳಲ್ಲೇ ಉಳಿಯುತ್ತದೆ. ಅಂದರೆ ಒಂದು ಸಲ ಬದಲಾಯಿಸಿದರೆ ನೂರಕ್ಕೆ 57ರಷ್ಟು ಹಳೆಯದೇ. ಎರಡನೇ ಸಲಕ್ಕೆ 33, ಮೂರನೇ ಸಲಕ್ಕೆ 19. ಅದಕ್ಕೇ ನಡುವೆ ಕೆಲವು ದಿನ ಓಡಿಸಿ, ಮೂರು ಸಲ ಇಳಿಸಿ ತುಂಬಿದೆ.

ಮಟ್ಟ ನೋಡುವುದಕ್ಕೆ ನನ್ನ ಗಾಡಿಯಲ್ಲಿ ಡಿಪ್‌ಸ್ಟಿಕ್ ಇಲ್ಲ. ಇಂಜಿನ್ ಚಾಲೂ ಇಟ್ಟು, ಪಿ, ಆರ್, ಎನ್, ಡಿ ಎಲ್ಲದರಲ್ಲೂ ಒಂದೆರಡು ಸೆಕೆಂಡ್ ನಿಲ್ಲಿಸಿ ಮತ್ತೆ ಪಿ-ಗೆ ತಂದು, ಸ್ಕ್ಯಾನರಿನಲ್ಲಿ ಆಯಿಲ್ಲಿನ ಬಿಸಿ ನೋಡುತ್ತಾ ಕಾದೆ. 40 ಡಿಗ್ರಿ ಮುಟ್ಟಿದಾಗ ಕೆಳಗಿನ, ಮಟ್ಟ ನೋಡುವ ಬೋಲ್ಟ್ ತೆಗೆದೆ. ಮಟ್ಟಕ್ಕಿಂತ ಹೆಚ್ಚಾದ ಆಯಿಲ್ ಮಾತ್ರ ಅಲ್ಲಿಂದ ಹೊರಬರುತ್ತದೆ. ಮೊದಲು ಬೆರಳು ದಪ್ಪದ ಧಾರೆ. ನಿಧಾನವಾಗಿ ಅದು ದಾರದಷ್ಟು ತೆಳುವಾಯಿತು. ಆಮೇಲೆ ಹನಿ, ಬಿಟ್ಟು ಬಿಟ್ಟು. ಧಾರೆ ಹನಿಯಾದ ಕ್ಷಣಕ್ಕೇ ಹೊಸ ವಾಷರ್ ಹಾಕಿ ಬಿಗಿ ಮಾಡಿದೆ. ತಣ್ಣಗಿದ್ದಾಗಲೇ ಈ ಮಟ್ಟಕ್ಕೆ ತುಂಬಿದರೆ ಬಿಸಿಯಾದ ಮೇಲೆ ಆಯಿಲ್ ಹಿಗ್ಗಿ ಜಾಸ್ತಿಯಾಗುತ್ತದೆ, ನೊರೆ ಬರುತ್ತದೆ. ಹೇಳಿದ್ದಕ್ಕಿಂತ ಹೆಚ್ಚು ಬಿಸಿಯಾದ ಮೇಲೆ ನೋಡಿದರೆ ಬೇಕಾದ್ದೂ ಹರಿದುಹೋಗಿ ಕಡಿಮೆ ಬೀಳುತ್ತದೆ. ನಿಮ್ಮ ಗಾಡಿಗೆ ಹೇಳಿರುವ ಬಿಸಿ ಎಷ್ಟು, ಇಂಜಿನ್ ಚಾಲೂ ಇರಬೇಕೋ ಬೇಡವೋ ಅಂತ ನೋಡಿಕೊಂಡೇ ಕೈ ಹಾಕಿ.

ಮೊದಲ ಸಲಕ್ಕೆ ನಡುಕ ಅಷ್ಟೇನೂ ಇಳಿಯಲಿಲ್ಲ. ನಿಜ ಹೇಳಬೇಕೆಂದರೆ ಆ ವಾರ ತುಂಬ ಹೆದರಿದ್ದೆ, ಕ್ಲಚ್ಚೇ ಹೋಗಿದೆಯೇನೋ ಅಂತ. ಎರಡನೆಯದಕ್ಕೆ ಅಪರೂಪವಾಯಿತು. ಮೂರನೆಯದಾದ ಮೇಲೆ 60ರಲ್ಲಿ ಕಾಲು ಅದೇ ತರ ಮೆತ್ತಗಿಟ್ಟು, ಮೈಯೆಲ್ಲ ಕಿವಿಯಾಗಿ ಕಾದೆ. ಟ್ಯಾಕೋಮೀಟರಿನ ಮುಳ್ಳು ಸ್ವಲ್ಪ ಕೆಳಗಿಳಿಯಿತು, ಲಾಕಪ್ ಹಿಡಿಯಿತು. ನಡುಕವಿಲ್ಲ.

ಮನೆಗೆ ಬಂದು ಒಂದು ಸ್ಟಿಕ್ಕರಿನ ಮೇಲೆ ತಾರೀಖು, ಓಡಿದ ಕಿಲೋಮೀಟರ್, ಎಷ್ಟು ಇಳಿಯಿತು, ಎಷ್ಟು ಹಾಕಿದೆ ಬರೆದು, ಕೆಳಗೆ ದೊಡ್ಡದಾಗಿ ‘ಡಬ್ಲ್ಯುಎಸ್ ಮಾತ್ರ’ ಅಂತ ಸೇರಿಸಿ ಬಾನೆಟ್ಟಿನ ಒಳಗೆ ಅಂಟಿಸಿದೆ.