ಅರ್ಧ ಪೆನ್ನಿಯಲ್ಲಿ ಲಿಂಕನ್ ಊರನ್ನು ಹುಡುಕಿದ್ದು: ನನ್ನ ಅನುಭವ

ಹದಿಮೂರನೆಯ ಶತಮಾನದ ಇಂಗ್ಲೆಂಡಿನ ರಾಜ ಮೂರನೆಯ ಹೆನ್ರಿಯ 'ಉದ್ದ ಶಿಲುಬೆ' ಬೆಳ್ಳಿ ಪೆನ್ನಿಯ (ಹಿಂಬದಿಯ ಶಿಲುಬೆ ಅಂಚಿನವರೆಗೂ ಚಾಚಿದ ನಾಣ್ಯ) ಚಿಲ್ಲರೆಗಾಗಿ ಕತ್ತರಿಸಿದ ಅರ್ಧ ತುಂಡಿನಲ್ಲಿ ಟಂಕಸಾಲೆಯನ್ನೂ, ನಾಣ್ಯಕ್ಕೆ ಹೊಣೆಗಾರನಾಗಿ ತನ್ನ ಹೆಸರು ಹಾಕಿಸುತ್ತಿದ್ದ ಮನಿಯರ್‌ನನ್ನೂ ಖಚಿತವಾಗಿ ಹೇಳಲು ಆಗುವುದಿಲ್ಲ ಎಂಬುದು ಲೆಸ್ಟರಿನ ನಮ್ಮ ನಾಣ್ಯಸಂಗ್ರಹಕಾರರ ಬಳಗದಲ್ಲಿ ಬಹುಕಾಲದಿಂದ ನಡೆದುಬಂದ ಮಾತು. ಇಡೀ ನಾಣ್ಯವಾದರೆ ಯಾರು ಬೇಕಾದರೂ ಓದುತ್ತಾರೆ. ತುಂಡೆಂದರೆ ಬೆಳ್ಳಿಯ ಬೆಲೆ, ಅಷ್ಟೇ. ಆ ಮಾತನ್ನು ನಂಬಿಕೊಂಡೇ ವ್ಯಾಪಾರಿಗಳು ತುಂಡುಗಳನ್ನು ತಟ್ಟೆಗಟ್ಟಲೆ ಮಾರುತ್ತಾರೆ. ನನಗೆ ಲಾಭವಾದದ್ದೂ ಅದರಿಂದಲೇ.

ಇಪ್ಪತ್ತಕ್ಕೂ ಹೆಚ್ಚು ತುಂಡುಗಳಿದ್ದ ಒಂದು ತಟ್ಟೆಗೆ ಸುಮಾರು 120 ಪೌಂಡ್ ಕೊಟ್ಟೆ. ಅದಕ್ಕೂ ಮೊದಲು ಉಪಕರಣಗಳಿಗೆ ಸುರಿದದ್ದೇ ಬೇರೆ. ಕಂಪ್ಯೂಟರಿಗೆ ಸಿಕ್ಕಿಸುವ ಸೂಕ್ಷ್ಮದರ್ಶಕಕ್ಕೆ ನಲವತ್ತರ ಆಸುಪಾಸು ಹೋಯಿತು. ಅದರಲ್ಲಿ ಒಂದಕ್ಷರ ಮಾತ್ರ ಗೋಡೆಯಷ್ಟು ದೊಡ್ಡದಾಗಿ ಕಾಣುತ್ತದೆ, ಪಕ್ಕದ ಅಕ್ಷರ ಇಲ್ಲವೇ ಇಲ್ಲ; ಎರಡು ಅಕ್ಷರಗಳ ನಡುವಿನ ಜಾಗವನ್ನು ನೋಡಬೇಕಾದವನಿಗೆ ಅದು ದಂಡ. ಸ್ಕ್ಯಾನರ್ ಇನ್ನೂ ಕಳಪೆ, ಬೆಳಕು ಸಮನಾಗಿ ಬಿದ್ದು ಉಬ್ಬುತಗ್ಗೆಲ್ಲ ಮಾಯವಾಗುತ್ತದೆ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಒತ್ತಿ ಅಚ್ಚು ತೆಗೆಯುವುದು ದಪ್ಪ ತುಂಡುಗಳಲ್ಲಿ ಚೆನ್ನಾಗಿ ಬಂತು. ಸವೆದವುಗಳಲ್ಲಿ ಹಾಳೆ ಬರೀ ಸುಕ್ಕಾಯಿತು. ಹಳೆಯದೊಂದು ಮ್ಯಾಕ್ರೋ ಲೆನ್ಸಿಗೆ ತೊಂಬತ್ತರಷ್ಟು ತೆತ್ತೆ, ಅದು ಪರವಾಗಿಲ್ಲ. ಕೊನೆಗೆ ಕೈಹಿಡಿದದ್ದು ಐದು ಪೌಂಡಿನ ಟಾರ್ಚು.

ಕತ್ತಲ ಕೋಣೆಯಲ್ಲಿ ಟಾರ್ಚನ್ನು ಮೇಜಿಗೆ ತಾಗುವಷ್ಟು ತಗ್ಗಿಸಿ, ನಾಣ್ಯವನ್ನಾಗಲಿ ಕ್ಯಾಮೆರಾವನ್ನಾಗಲಿ ಅಲುಗಿಸದೆ, ಬೆಳಕನ್ನಷ್ಟೇ ಸುತ್ತ ತಿರುಗಿಸುತ್ತ ಫೋಟೋ ತೆಗೆಯಬೇಕು. ಎಂಟು ದಿಕ್ಕಾದರೆ ಸಾಕು. ಬೆಳಕು ಬಂದ ಕಡೆ ಬೆಳಗಿ, ಆಚೆ ಕಡೆ ನೆರಳು ಚೆಲ್ಲುವ ಉಬ್ಬುಗೆರೆ ಅಕ್ಷರ. ತಿರುಗುಮುರುಗಾಗಿ, ಬೆಳಕು ಬಂದ ಕಡೆಯೇ ನೆರಳಾಗುವ ತಗ್ಗುಗೆರೆ ಗೀರು. ಟಾರ್ಚಿನ ಬಾಯಿಗೆ ನಾನು ಕಟ್ಟುವ ವಸ್ತು ಯಾವುದೆಂದು ಕೇಳಬೇಡಿ, ಅದನ್ನು ಇಲ್ಲಿ ಬರೆಯುವುದಿಲ್ಲ.

ಇನ್ನು ಓದುವ ಕ್ರಮ. ಹಿಂಬದಿಯ ಬರಹದಲ್ಲಿ ಮೊದಲು ಮನಿಯರ್ ಹೆಸರು, ಆಮೇಲೆ 'ಇಂಥ ಊರಲ್ಲಿ' ಎಂಬ 'ಓ-ಎನ್', ಆಮೇಲೆ ಊರಿನ ಹೆಸರು; ಉದ್ದ ಶಿಲುಬೆ ಅದನ್ನು ನಾಲ್ಕು ಕಾಲು ಭಾಗಗಳಾಗಿ ಒಡೆಯುತ್ತದೆ, ಸಾಮಾನ್ಯವಾಗಿ ಕಾಲಿಗೆ ಮೂರಕ್ಷರ. ಆದ್ದರಿಂದ ಹೆಸರನ್ನು ಊಹಿಸುವ ಮೊದಲು ಯಾವ ಅಕ್ಷರ ಯಾವ ಕಾಲಿನ ಎಷ್ಟನೆಯದು ಎಂದು ಬರೆದುಕೊಳ್ಳುತ್ತೇನೆ. ಒಂದು ತುಂಡಿನಲ್ಲಿ 'ಬಿ-ಇ-ಆರ್', ಮುಂದೆ 'ಟಿ-ಓ-ಎನ್' ಇತ್ತು. ರಾಬರ್ಟ್ ಆಗಿದ್ದರೆ 'ಆರ್-ಓ-ಬಿ' ಒಂದು ಕಾಲು, 'ಇ-ಆರ್-ಟಿ' ಇನ್ನೊಂದು ಕಾಲು ಆಗಬೇಕಿತ್ತು. ಹಾಗಾಗಿ ಇದು ಗಿಲ್ಬರ್ಟ್, ಆ ಹೆಸರಿನ ಮನಿಯರ್ ಇದ್ದ ಊರು ಕ್ಯಾಂಟರ್ಬರಿ. 'ಓ-ಎಲ್-ಇ', 'ಓ-ಎನ್-ಸಿ' ಇದ್ದ ತುಂಡೂ ನಿಮಿಷದಲ್ಲಿ ಮುಗಿಯಿತು: 'ಸಿ' ಎಂದರೆ ಕ್ಯಾಂಟರ್ಬರಿ ಇಲ್ಲವೆ ಕಾರ್ಲೈಲ್; ನಿಕೋಲ್ ಎಂಬ ಮನಿಯರ್ ಕಾರ್ಲೈಲಿನಲ್ಲಿ ಇರಲಿಲ್ಲ, ಉಳಿದದ್ದು ಕ್ಯಾಂಟರ್ಬರಿ.

ವಾದಕ್ಕೆ ಬಿದ್ದದ್ದು 'ಎ-ಆರ್-ಡಿ', 'ಓ-ಎನ್-ಎಲ್' ತುಂಡು. ರಿಕಾರ್ಡ್ ಎಂಬುದರಲ್ಲಿ ಅನುಮಾನವಿಲ್ಲ. ಎಲ್ ಎಂದಮೇಲೆ ಲಂಡನ್, ಇದರಲ್ಲಿ ಇನ್ನೇನು ನೋಡುವುದಿದೆ ಎಂದರು ಹಿರಿಯರೊಬ್ಬರು. ಆದರೆ ಲಿಂಕನ್ನಿನಲ್ಲೂ ರಿಕಾರ್ಡ್ ಒಬ್ಬನಿದ್ದ. ಕತ್ತರಿಸಿದವನ ಕೈ ತುಸು ಜಾರಿದ್ದು ನನ್ನ ಪುಣ್ಯ. ಶಿಲುಬೆಯ ಜೋಡಿಗೆರೆಯನ್ನು ದಾಟಿ ಕೂದಲೆಳೆಯಷ್ಟು ಆಚೆ ಕತ್ತರಿ ನಡೆದಿತ್ತು. ಅಲ್ಲಿ ಮುಂದಿನ ಕಾಲಿನ ಮೊದಲಕ್ಷರದ ಒಂದು ಗೆರೆ ಉಳಿದಿತ್ತು. ಲಂಡನ್ ಆದರೆ (ನಾಣ್ಯದಲ್ಲಿ ಅದು 'ಎಲ್-ವಿ-ಎನ್-ಡಿ') ಅಲ್ಲಿ 'ವಿ' ಬರಬೇಕು, ಅದರ ಎಡಗೆರೆ ಬುಡಕ್ಕೆ ಬಂದಂತೆ ಶಿಲುಬೆಯಿಂದ ದೂರ ಸರಿಯುತ್ತದೆ. ನನ್ನ ಗೆರೆ ತಲೆಯಲ್ಲೂ ಬುಡದಲ್ಲೂ ಶಿಲುಬೆಗೆ ಅಷ್ಟೇ ದೂರ, ಎರಡು ತುದಿಯಲ್ಲೂ ಸಣ್ಣ ಅಡ್ಡಗೀಟು. ಅದು 'ಐ'. ಹಾಗಾದರೆ ಲಿಂಕನ್.

ಅಷ್ಟಕ್ಕೇ ಅವರು ಒಪ್ಪಲಿಲ್ಲ. ಆಗ ಮುಂಬದಿಯನ್ನು ತಿರುಗಿಸಿ ತೋರಿಸಿದೆ. ಉಳಿದಿದ್ದದ್ದು ರಾಜನ ಮುಖದ ನಮ್ಮೆಡೆಯ ಎಡಭಾಗ, ರಾಜದಂಡ ಹಿಡಿದ ಕೈ ಬರುವ ಜಾಗವೇ. ಅಲ್ಲಿ ಕೈಯೂ ಇಲ್ಲ, ದಂಡವೂ ಇಲ್ಲ. ಹೊರಗಡೆ 'ರೆಕ್ಸ್' (ರಾಜ) ಎಂಬುದರ ಬಾಲ, ಆಮೇಲೆ 'ಮೂರನೆಯ' ಎಂಬ ರೋಮನ್ ಅಂಕಿಯ ಮೂರು ಗೀಟು. ಅಂದರೆ ಮೂರನೆಯ ವರ್ಗ (ಈ ಪೆನ್ನಿಗಳನ್ನು ವಿನ್ಯಾಸ ನೋಡಿ ವರ್ಗಗಳಾಗಿ ವಿಂಗಡಿಸುತ್ತಾರೆ). ಲಿಂಕನ್ನಿನಂಥ ಹೊರ ಊರುಗಳ ಟಂಕಸಾಲೆಗಳು 1248ರಲ್ಲಿ ತೆರೆದು 1250ರ ಹೊತ್ತಿಗೆ ಮುಚ್ಚಿದವು, ರಾಜದಂಡ ಬಂದದ್ದು ಅದರ ನಂತರ. ಲಂಡನ್ನಿನ ರಿಕಾರ್ಡನ ನಾಣ್ಯಗಳಲ್ಲಿ ನನ್ನ ಕಣ್ಣಿಗೆ ಬಿದ್ದವೆಲ್ಲ ದಂಡವಿರುವವೇ. ಟಂಕಸಾಲೆಯನ್ನು ಹಿಂಬದಿಯಲ್ಲೇ ಹುಡುಕುತ್ತ ಕೂರುವವರಿಗೆ ಇದು ಹೊಳೆಯುವುದಿಲ್ಲ. ಹಿರಿಯರು ಭೂತಗನ್ನಡಿಯನ್ನು ಹಿಡಿದು ಬಹಳ ಹೊತ್ತು ನೋಡಿದರು, ಆಮೇಲೆ ಆ ತಟ್ಟೆ ಎಲ್ಲಿ ಸಿಕ್ಕಿತೆಂದು ವಿಚಾರಿಸಿದರು. ಹೇಳಲಿಲ್ಲ. ಐದಾರು ಪೌಂಡ್ ಬಿದ್ದ ಆ ತುಂಡಿಗೆ ಮುವ್ವತ್ತರ ಹತ್ತಿರ ಕೇಳಿದವರಿದ್ದಾರೆ.

ನಡುವೆ ತೂಕದ ಹುಚ್ಚೂ ಹಿಡಿದಿತ್ತು. ಇಡೀ ಪೆನ್ನಿ ಒಂದೂವರೆ ಗ್ರಾಮಿಗೆ ತುಸು ಕಡಿಮೆ, ಅರ್ಧವಾದರೆ 0.7ರ ಆಸುಪಾಸು ಬರಬೇಕು. ಎಲ್ಲವನ್ನೂ ತೂಗಿ, ಊರಿಗೂ ತೂಕಕ್ಕೂ ಏನಾದರೂ ನಂಟು ಇದೆಯೇ ಎಂದು ಒಂದು ಚಳಿಗಾಲವಿಡೀ ಕೂತು ನೋಡಿದೆ. ಏನೂ ಇಲ್ಲ. ಬೆಳ್ಳಿಗಾಗಿ ಅಂಚು ಕೊರೆದವರ ಕೈಚಳಕವೂ ಕತ್ತರಿಸಿದವರ ಅಂದಾಜೂ ಸೇರಿ ಲೆಕ್ಕವನ್ನೆಲ್ಲ ಕೆಡಿಸುತ್ತವೆ. ಇದಕ್ಕೂ ಹಿಂದಿನ ಗಿಡ್ಡ ಶಿಲುಬೆಯ ಪೆನ್ನಿಗಳ ತುಂಡುಗಳಿಗೂ ನನ್ನ ಕಾಲು ಲೆಕ್ಕ ನಡೆಯುವುದಿಲ್ಲ. ಅಲ್ಲಿ ಶಿಲುಬೆ ಒಳವೃತ್ತದಲ್ಲೇ ನಿಲ್ಲುತ್ತದೆ, ಬರಹ ಸುತ್ತಲೂ ಎಲ್ಲಿಯೂ ಒಡೆಯದೆ ಸಾಗುತ್ತದೆ. ಅವುಗಳಿಗೆ ಅಕ್ಷರಗಳ ನಡುವಿನ ಕೋನವನ್ನು ಅಳೆಯುವ ಬೇರೆ ದಾರಿ ಹುಡುಕುತ್ತಿದ್ದೇನೆ, ಇನ್ನೂ ಹದಕ್ಕೆ ಬಂದಿಲ್ಲ.

ಅದೇ ತಟ್ಟೆಯ 'ಎಲ್-ಇ-ಎಂ', 'ಓ-ಎನ್-ಸಿ' ತುಂಡು ಮಾತ್ರ ಇನ್ನೂ ಸತಾಯಿಸುತ್ತಿದೆ. ವಿಲ್ಲೆಂ ಕ್ಯಾಂಟರ್ಬರಿಯಲ್ಲೂ ಇದ್ದ, ಕಾರ್ಲೈಲಿನಲ್ಲೂ ಇದ್ದ. ಎರಡೂ ಊರಿಗೆ ಮುಂದಿನ ಕಾಲು 'ಎ'ಯಿಂದಲೇ ಶುರು, ಕತ್ತರಿ ಜಾರಿದ್ದರೂ ಉಪಯೋಗವಿರಲಿಲ್ಲ. ಮುಂಬದಿಯಲ್ಲಿ ಉಳಿದಿರುವುದು ನಮ್ಮ ಬಲಗಡೆಯ ಕೆನ್ನೆಯ ಗುಂಗುರು ಕೂದಲು, ದಂಡ ಇರಬೇಕಾದ ಕಡೆ ತುಂಡಾಗಿ ಹೋಗಿದೆ. ಕಾರ್ಲೈಲ್ ಎಂದು ಚೀಟಿ ಅಂಟಿಸಿದರೆ ಒಳ್ಳೆಯ ಬೆಲೆ ಕೊಡುವುದಾಗಿ ವ್ಯಾಪಾರಿಯೊಬ್ಬರು ಹೇಳಿ ಕಳಿಸಿದ್ದರು. ಚೀಟಿಯ ಮೇಲೆ 'ವಿಲ್ಲೆಂ, ಸಿ' ಎಂದಷ್ಟೇ ಬರೆದು ಡಬ್ಬಿಯಲ್ಲಿ ಇಟ್ಟಿದ್ದೇನೆ. ಕೂದಲಿನ ಗುಂಗುರಿನಿಂದಲೇ ವರ್ಗ ಹೇಳಬಲ್ಲವರಿದ್ದರೆ ಫೋಟೋಗಳನ್ನು ಕಳಿಸುತ್ತೇನೆ, ಎಂಟೂ ದಿಕ್ಕಿನವು.