ನೆಗಡಿ ಹಿಡಿದ ಬೆಕ್ಕು: ಮೊದಲು ಮೂಗು, ಆಮೇಲೆ ಮಾತ್ರೆ

ಬೆಕ್ಕು ತಟ್ಟೆಯ ಹತ್ತಿರ ಬಂದು, ಮೂಸಿ, ಮುಟ್ಟದೆ ಹೊರಟುಹೋಯಿತೇ? ಹಸಿವಿಲ್ಲದೆ ಅಲ್ಲ. ಮೂಗು ಕಟ್ಟಿದೆ, ವಾಸನೆ ಸಿಗುತ್ತಿಲ್ಲ. ವಾಸನೆ ಬಾರದ ಊಟವನ್ನು ಬೆಕ್ಕು ತಿನ್ನುವುದಿಲ್ಲ. ನೆಗಡಿಗಿಂತ ಈ ಉಪವಾಸವೇ ಅಪಾಯ: ಎರಡು-ಮೂರು ದಿನ ಹೊಟ್ಟೆಗೆ ಬೀಳದಿದ್ದರೆ, ಅದರಲ್ಲೂ ದಪ್ಪ ಬೆಕ್ಕಿಗೆ, ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಕುತ್ತು ಬರಬಹುದು.

ಮೂಗು ಬಿಡಿಸಲು ಹಬೆ, ದಿನಕ್ಕೆ ಎರಡು-ಮೂರು ಸಲ. ಬಾತ್‌ರೂಮಿನ ಕಿಟಕಿ, ಬಾಗಿಲು ಮುಚ್ಚಿ, ಬಕೆಟ್‌ಗೆ ಸುಡುನೀರು ಬಿಟ್ಟು ಹಬೆ ತುಂಬಿದ ಮೇಲೆ ನಲ್ಲಿ ನಿಲ್ಲಿಸಿ. ಬೆಕ್ಕನ್ನು ಕ್ಯಾರಿಯರ್‌ನಲ್ಲಿಟ್ಟು, ಬಕೆಟ್‌ನಿಂದ ದೂರದಲ್ಲಿ 10–15 ನಿಮಿಷ ಜೊತೆಗೆ ಕೂತುಕೊಳ್ಳಿ. ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ಇದ್ದರೆ ಅಲ್ಲಿ ಇದು ಬೇಡವೇ ಬೇಡ. ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿ ಇಬ್ಬರ ಜೀವಕ್ಕೂ ಸಂಚಕಾರ. ನೀರಿಗೆ ವಿಕ್ಸ್, ನೀಲಗಿರಿ ಎಣ್ಣೆ, ಕರ್ಪೂರ ಏನನ್ನೂ ಹಾಕಬೇಡಿ, ಬೆಕ್ಕಿಗೆ ಅವು ವಿಷ. ಮನೆಯಲ್ಲಿ ಊದುಬತ್ತಿ, ಸೊಳ್ಳೆ ಬತ್ತಿಗೂ ಸ್ವಲ್ಪ ದಿನ ರಜೆ ಕೊಡಿ.

ಹಬೆಯಾದ ತಕ್ಷಣ, ಸಿಂಬಳ ಮೆತ್ತಗಿರುವಾಗಲೇ ಒರೆಸಬೇಕು. ಒಣಗಿದ ಗೀಜನ್ನು ಕಿತ್ತರೆ ಚರ್ಮವೂ ಜೊತೆಗೇ ಬರುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಅರ್ಧ ನಿಮಿಷ ಒತ್ತಿ ಹಿಡಿದರೆ ತಾನಾಗೇ ಸಡಿಲವಾಗುತ್ತದೆ. ಒಂದೊಂದು ಕಣ್ಣಿಗೂ ಬೇರೆ ಹತ್ತಿ. ಮೂಗಿನ ಹೊಳ್ಳೆಗೆ ಒಂದೊಂದು ಹನಿ ಸಲೈನ್ ಬಿಡಬಹುದು. ಲೇಬಲ್ ಮೇಲೆ ಸೋಡಿಯಂ ಕ್ಲೋರೈಡ್ 0.9% ಎಂದಷ್ಟೇ ಇರಬೇಕು, ಆಕ್ಸಿಮೆಟಾಜೋಲಿನ್ ಅಥವಾ ಕ್ಸೈಲೋಮೆಟಾಜೋಲಿನ್ ಇರಲೇಬಾರದು.

ಮೂಗು ಬಿಟ್ಟ ಗಳಿಗೆಯಲ್ಲೇ ಊಟ ಇಡಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿ ಮುಳ್ಳು ತೆಗೆದ ಬಂಗುಡೆ ಅಥವಾ ಬೂತಾಯಿ ಘಮ್ಮೆನ್ನುತ್ತದೆ, ಅದೇ ನಮಗೆ ಬೇಕಾದ್ದು. ಮಣಿಕಟ್ಟಿಗೆ ಬೆಚ್ಚಗೆ ತಾಗುವಷ್ಟು ಬಿಸಿ ಸಾಕು. ಪೌಚ್ ಊಟವಾದರೆ ಬಿಸಿನೀರಲ್ಲಿ ಐದು ನಿಮಿಷ ಇಡಿ. ಸಿರಿಂಜ್‌ನಲ್ಲಿ ತುರುಕಲು ಹೋಗಬೇಡಿ: ಮೂಗು ಕಟ್ಟಿದ ಬೆಕ್ಕಿಗೆ ಊಟ ಶ್ವಾಸಕೋಶಕ್ಕೆ ಇಳಿಯಬಹುದು. ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ.

ಹೆಚ್ಚಿನ ಸಲ ಕಾರಣ ಬೆಕ್ಕುಗಳ ಹರ್ಪಿಸ್ ಇಲ್ಲವೇ ಕ್ಯಾಲಿಸಿ ವೈರಸ್. ಎರಡೂ ಮನುಷ್ಯರಿಗೆ ಅಂಟುವುದಿಲ್ಲ. ನಾಲಿಗೆ ಮೇಲೆ ಹುಣ್ಣು, ಜೊಲ್ಲು ಇದ್ದರೆ ಕ್ಯಾಲಿಸಿಯ ಗುಮಾನಿ. ವೈರಸ್‌ಗೆ ಆಂಟಿಬಯೋಟಿಕ್ ನಾಟದು. ಬ್ಯಾಕ್ಟೀರಿಯಾವೂ ಸೇರಿಕೊಂಡಿದೆ ಅನಿಸಿದರೆ ಡಾಕ್ಟರ್ ಡಾಕ್ಸಿಸೈಕ್ಲಿನ್ ಬರೆಯಬಹುದು. ಆ ಮಾತ್ರೆ ಗಂಟಲಲ್ಲಿ ಸಿಕ್ಕಿಕೊಂಡರೆ ಅನ್ನನಾಳ ಸುಟ್ಟು ಕಿರಿದಾಗುತ್ತದೆ, ಆದ್ದರಿಂದ ನುಂಗಿಸಿದ ಕೂಡಲೇ 5–6 ಎಂಎಲ್ ನೀರು ಕುಡಿಸಿ. ನಿಮ್ಮ ಡಬ್ಬಿಯ ಡೋಲೋ, ಕ್ರೋಸಿನ್ ಮಾತ್ರ ಕೊಡಲೇಬೇಡಿ. ಅರ್ಧ ಮಾತ್ರೆ ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲಬಲ್ಲದು. ಹಳೆಯ ಕಣ್ಣಿನ ಡ್ರಾಪ್ಸ್ ಕೂಡ ಬೇಡ: ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಹರ್ಪಿಸ್ ಹುಣ್ಣು ಆಳವಾಗಿ ಕಣ್ಣೇ ಹೋಗಬಹುದು.

ಬಾಯಿ ತೆರೆದು ಉಸಿರಾಡುತ್ತಿದ್ದರೆ, ಮಲಗಿದಾಗ ನಿಮಿಷಕ್ಕೆ 40ಕ್ಕಿಂತ ಹೆಚ್ಚು ಉಸಿರು ಎಣಿಸಿದರೆ, ಕಣ್ಣು ಬಿಡದಿದ್ದರೆ ಅಥವಾ 24 ಗಂಟೆ ಏನೂ ತಿನ್ನದಿದ್ದರೆ ಮನೆಮದ್ದು ನಿಲ್ಲಿಸಿ ಆಸ್ಪತ್ರೆಗೆ ಹೊರಡಿ. ಮರಿಗಳಿಗಂತೂ ಅಷ್ಟು ಹೊತ್ತೂ ಕಾಯಬೇಡಿ. ಹತ್ತಿರದ ಕ್ಲಿನಿಕ್‌ಗೆ ಫೋನ್ ಮಾಡಿ ವಿಷಯ ತಿಳಿಸಿಯೇ ಹೋಗಿ. ಬೆಂಗಳೂರಿನಲ್ಲಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೂ ಆಸ್ಪತ್ರೆಯಿದೆ.

ಮನೆಯಲ್ಲಿ ಬೇರೆ ಬೆಕ್ಕಿದ್ದರೆ ಎರಡು ವಾರ ಬೇರೆ ಕೋಣೆ, ಬೇರೆ ತಟ್ಟೆ. ಕಾಯಿಲೆಯದಕ್ಕೆ ಕೊನೆಯಲ್ಲಿ ಊಟ ಹಾಕಿ ಕೈ ತೊಳೆಯಿರಿ. ನೆಲಕ್ಕೆ ಫಿನಾಯಿಲ್ ಬೇಡ, ಪಂಜ ನೆಕ್ಕಿದಾಗ ಅದು ಹೊಟ್ಟೆಗೆ ಹೋಗುತ್ತದೆ. ಲೀಟರ್ ನೀರಿಗೆ 30 ಎಂಎಲ್ ಬ್ಲೀಚ್ ಬೆರೆಸಿ, 10 ನಿಮಿಷ ಬಿಟ್ಟು, ಬರಿನೀರಲ್ಲಿ ಒರೆಸಿ, ಒಣಗಿದ ಮೇಲೆ ಬೆಕ್ಕನ್ನು ಬಿಡಿ.

ಮರಿಗೆ ಸುಮಾರು 8 ವಾರದಿಂದ ಲಸಿಕೆ ಶುರುಮಾಡಿ, 16 ವಾರದವರೆಗೆ 3–4 ವಾರಕ್ಕೊಮ್ಮೆ ಹಾಕಿಸಿ. ಲಸಿಕೆಯಾದರೂ ನೆಗಡಿ ಬರಬಹುದು, ಆದರೆ ಹಗುರಾಗಿ ಹೋಗುತ್ತದೆ. ಹರ್ಪಿಸ್ ಒಮ್ಮೆ ಹೊಕ್ಕರೆ ನರಗಳಲ್ಲಿ ಅಡಗಿ ಕೂರುತ್ತದೆ. ಮನೆ ಬದಲಿಸಿದಾಗ, ದೀಪಾವಳಿ ಪಟಾಕಿಗೆ ಹೆದರಿದಾಗ ವಾರದೊಳಗೆ ಮತ್ತೆ ಸೀನು ಶುರುವಾದರೆ, ಅದು ಆ ಹಳೆಯ ವೈರಸ್ಸೇ ಇರಬಹುದು.